ಹಿಂದಿನ ಸೀಟಿನವಳ ಸರದಿ

ಗಾವ್ರಾನ್ ಮೋಟರ್‌ಸೈಕಲ್ ಕೂಟದಲ್ಲಿ ಸುಳ್ಳು ಹೇಳುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಹೋಗದ ಊರಿಗೆ ಹೋಗಿ ಬಂದೆ ಅನ್ನಬಾರದು, ಅಷ್ಟೆ. ಹೋಗಿ ಬಂದ ಊರಿನಲ್ಲಿ ಮಳೆಯ ಬದಲು ಆಲಿಕಲ್ಲು ಬಿತ್ತು, ನಾಯಿಯ ಬದಲು ತೋಳ ಅಟ್ಟಿಸಿಕೊಂಡು ಬಂತು ಎಂದರೆ ಯಾರೂ ತಕರಾರು ತೆಗೆಯುವುದಿಲ್ಲ. ಇನ್ನೂ ಒಂದು ತುಂಡು ಕುರಿಮಾಂಸ ಹೇಳಿದವನ ತಟ್ಟೆಗೆ ಬೀಳುತ್ತದೆ.

ಪ್ರತಿ ವರ್ಷ ಸಂತ ಜಾರ್ಜನ ಹಬ್ಬದ ನಂತರದ ಭಾನುವಾರ, ಓವ್ಚಾರ್ ಬೆಟ್ಟದ ಬುಡದಲ್ಲಿ, ಮೊರಾವಾ ನದಿಯ ದಂಡೆಯ ಹುಲ್ಲುಗಾವಲಿನಲ್ಲಿ ಕೂಟ ಸೇರುತ್ತದೆ. ರಾತ್ರಿ ಎಲ್ಲರೂ ಅಲ್ಲೇ ಡೇರೆ ಹಾಕಿ ಮಲಗುವುದು. ಬೈಕಿನ ಕೀಲಿಗಳೆಲ್ಲ ಅಡುಗೆ ನೋಡಿಕೊಳ್ಳುವ ಕ್ರುನಾಳ ಏಪ್ರನ್ನಿನ ಜೇಬು ಸೇರಿದ ಮೇಲೆಯೇ ಚುತುರ ಹೊರಗೆ ಬರುತ್ತದೆ. ಅದಕ್ಕೆ ಮುಂಚೆ ಬೇಡಿಕೊಂಡರೂ ಬರುವುದಿಲ್ಲ. ಚುತುರ ಮರದಲ್ಲಿ ಕಡೆದ ಚಪ್ಪಟೆ ಕುಡಿಕೆ. ಅದರ ತುಂಬ ರಾಕಿಯ ಎಂಬ ಪ್ಲಮ್ ಹಣ್ಣಿನ ಸಾರಾಯಿ. ಅದು ಯಾರ ಕೈಯಲ್ಲಿದೆಯೋ ಮಾತು ಅವರದು. ಉಳಿದವರ ಬಾಯಿ ಇರುವುದು ಅಗಿಯುವುದಕ್ಕೆ ಮಾತ್ರ.

ಇನ್ನೊಂದು ಕಾನೂನೂ ಇದೆ. ಹ್ಯಾಂಡಲ್ ಹಿಡಿದವರಿಗೇ ಚುತುರ, ಹಿಂದಿನ ಸೀಟಿನಲ್ಲಿ ಕೂತು ಬಂದವರಿಗೆ ಇಲ್ಲ. ಈ ಕಾನೂನು ತಂದವನು ಒಬ್ರಾದ್. ತಂದಿದ್ದು ಹೆಂಡತಿ ಸ್ಮಿಲ್ಯಾಳ ಬಾಯಿ ಮುಚ್ಚಿಸಲು. ಕೂಟದ ಮೊಟ್ಟಮೊದಲ ವರ್ಷ ಅವನು, ಮಾಂಟೆನೀಗ್ರೊದ ಘಾಟಿಯಲ್ಲಿ ಇಳಿಯುವಾಗ ಬ್ರೇಕು ಎಷ್ಟು ಕಾದಿತ್ತೆಂದರೆ ಮಠದ ಸನ್ಯಾಸಿಯೊಬ್ಬ ಅದರ ಮೇಲೆಯೇ ತನಗೆ ಮೊಟ್ಟೆ ಹುರಿದುಕೊಟ್ಟ ಎಂದು ಕಥೆ ಬಿಡುತ್ತಿದ್ದ. ಎಲ್ಲರೂ ಬಾಯಿಬಿಟ್ಟುಕೊಂಡು ಕೇಳುತ್ತಿದ್ದರು. ಆಗ ಸ್ಮಿಲ್ಯಾ, ಉಪ್ಪು ಕೊಡಿ ಅನ್ನುವಷ್ಟು ಸಹಜವಾಗಿ, "ಬಾಣಲೆಯಲ್ಲೇ ಹುರಿದಿದ್ದು. ನಾನೇ ಹುರಿದೆ," ಅಂದುಬಿಟ್ಟಳು. ಕಥೆ ಅಲ್ಲಿಗೇ ಸತ್ತಿತು. ಅದೇ ಸಂಜೆ ಕಾನೂನು ಹುಟ್ಟಿತು.

ಆಮೇಲೆ ಮೂವತ್ತು ವರ್ಷ ಸ್ಮಿಲ್ಯಾ ಹುರುಳಿಕಾಯಿ ಬಿಡಿಸುತ್ತ, ಸಾರಿನ ಉಪ್ಪು ನೋಡುತ್ತ, ತಾನು ಕಣ್ಣಾರೆ ಕಂಡ ಊರುಗಳು ಗಂಡನ ಬಾಯಲ್ಲಿ ಬೇರೆಯೇ ಊರುಗಳಾಗುವುದನ್ನು ಕೇಳಿದಳು. ಗಂಡನ ಎಡಭುಜದ ಮೇಲಿಂದ ಅವಳು ಅರ್ಧ ಯುರೋಪು ನೋಡಿದ್ದಳು. ನನ್ನ ಕೈಗೆ ಒಂದು ಸಲ ಚುತುರ ಸಿಗಲಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಎಷ್ಟು ಚೆನ್ನಾಗಿರುತ್ತದೆ ಎಂದು ತೋರಿಸಿಕೊಡುತ್ತೇನೆ ಎಂದು ಮನಸ್ಸಿನಲ್ಲೇ ಹಲ್ಲು ಕಡಿಯುತ್ತಿದ್ದಳು.

ಹೋದ ಶರತ್ಕಾಲದಲ್ಲಿ ಒಬ್ರಾದನ ಗಂಟಲಿಗೆ ಹುಣ್ಣಾಯಿತು. ಕೆಟ್ಟ ಹುಣ್ಣು. ಡಾಕ್ಟರು ಅದನ್ನು ಕಿತ್ತರು, ಜೊತೆಗೆ ಧ್ವನಿಪೆಟ್ಟಿಗೆಯೂ ಹೋಯಿತು. ಈಗ ಅವನು ಉಸಿರಾಡುವುದು ಕೊರಳಿನ ತೂತಿನಿಂದ, ಅದರ ಮೇಲೊಂದು ತೆಳು ಬಟ್ಟೆ. ಮೂಗಿಗೆ ಗಾಳಿ ಹೋಗದ ಕಾರಣ ವಾಸನೆಯೂ ಹೋಯಿತು. ಎರಡು ಬೆಟ್ಟದಾಚೆ ಕುರಿ ಸುಡುತ್ತಿದ್ದರೆ ಬೈಕು ತಿರುಗಿಸುತ್ತಿದ್ದ ಮನುಷ್ಯ ಅವನು. ಗಂಟಲಿಗೆ ಒತ್ತಿಕೊಂಡು ಮಾತಾಡುವ ಯಂತ್ರವೊಂದನ್ನು ಆಸ್ಪತ್ರೆಯವರು ಕೊಟ್ಟಿದ್ದರು. ಒಮ್ಮೆ ಒತ್ತಿಕೊಂಡ, ಬಟ್ಟೆ ಒಗೆಯುವ ಮೆಷಿನ್ನು ಒಬ್ರಾದನ ಹೆಸರು ಹೇಳಿದಂತೆ ಕೇಳಿಸಿತು. ಅದನ್ನು ಚಮಚಗಳ ಡ್ರಾಯರಿಗೆ ಹಾಕಿ ಮುಚ್ಚಿದವನು ಮತ್ತೆ ತೆಗೆಯಲಿಲ್ಲ.

ಸ್ಮಿಲ್ಯಾಳನ್ನು ತಿಂದದ್ದು ಈ ಮೌನವಲ್ಲ. ಮೌನಕ್ಕೆ ಅವಳು ಹೊಂದಿಕೊಂಡಳು. ಬೈಕಿನ ಮೇಲೆ ಅವರಿಬ್ಬರಿಗೆ ಮೊದಲಿನಿಂದಲೂ ತಟ್ಟುವ ಭಾಷೆಯೊಂದಿತ್ತು. ಮೊಣಕಾಲಿಗೆ ಒಂದು ತಟ್ಟಿದರೆ ನಿಧಾನ, ಎರಡು ತಟ್ಟಿದರೆ ನಿಲ್ಲಿಸು, ಉಜ್ಜಿದರೆ ಹಸಿವು. ಅದನ್ನೇ ಮನೆಯೊಳಗೂ ತಂದುಕೊಂಡರು. ಅವಳನ್ನು ತಿಂದದ್ದು ಬೇರೆ. ಒಬ್ರಾದ್ ಸುಳ್ಳು ಹೇಳುವುದನ್ನು ಬಿಟ್ಟಿದ್ದ. ಪಕ್ಕದ ಮನೆಯವರು ಈ ಸಲ ಪ್ಲಮ್ ಎಷ್ಟು ಬುಟ್ಟಿ ಬಂತು ಎಂದು ಕೇಳಿದರೆ ಬೆರಳೆತ್ತಿ ಸರಿಯಾದ ಲೆಕ್ಕ ತೋರಿಸುತ್ತಿದ್ದ. ನೋವಿದೆಯಾ ಎಂದರೆ ಇದ್ದಾಗ ಇದೆ, ಇಲ್ಲದಾಗ ಇಲ್ಲ. ಸತ್ಯವಂತ ಗಂಡ ಸಿಕ್ಕರೆ ಯಾವ ಹೆಂಗಸು ಬೇಡ ಅಂದಾಳು? ಸ್ಮಿಲ್ಯಾಳಿಗೆ ಮಾತ್ರ ಅವನು ಬೆರಳೆತ್ತಿ ಲೆಕ್ಕ ತೋರಿಸಿದಾಗಲೆಲ್ಲ ಹೆದರಿಕೆಯಾಗುತ್ತಿತ್ತು. ಬದುಕುವ ಆಸೆ ಇದ್ದವನು ಹೀಗೆ ಪಾಠ ಒಪ್ಪಿಸಿದಂತೆ ಲೆಕ್ಕ ಒಪ್ಪಿಸುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಈ ವರ್ಷದ ಕೂಟಕ್ಕೆ ಬರುವುದಿಲ್ಲ ಎಂದ. ತಲೆ ಅಡ್ಡಡ್ಡ ಆಡಿಸಿದ, ಅಷ್ಟೆ, ನೆಪವೊಂದನ್ನು ಹೂಡುವ ಶ್ರಮವನ್ನೂ ತೆಗೆದುಕೊಳ್ಳಲಿಲ್ಲ. ಸ್ಮಿಲ್ಯಾ ವಾದ ಮಾಡಲಿಲ್ಲ. ಜಾಕೆಟ್ಟು ಹಾಕಿಕೊಂಡು, ಹೆಲ್ಮೆಟ್ಟು ಬಿಗಿದುಕೊಂಡು, ಅಂಗಳದಲ್ಲಿ ನಿಂತಿದ್ದ ಬೈಕಿನ ಹಿಂದಿನ ಸೀಟಿನ ಮೇಲೆ ಹತ್ತಿ ಕೂತಳು. ಕೋಳಿಗಳು ಬಂದು ಚಕ್ರದ ಸುತ್ತ ಕೆದಕಿದವು. ಆಚೆಮನೆಯ ಅಜ್ಜಿ ಬೇಲಿಯಿಂದ ಇಣುಕಿದಳು.

"ಏನೇ ಸ್ಮಿಲ್ಯಾ, ಮುಂದೆ ಯಾರೂ ಇಲ್ಲದೆ ಎಲ್ಲಿಗೆ ಹೊರಟೆ?"

"ಓವ್ಚಾರಿಗೆ ಅಜ್ಜಿ. ಡ್ರೈವರು ಇನ್ನೂ ಬೂಟು ಹಾಕ್ಕೊಳ್ತಿದ್ದಾನೆ."

ಕಿಟಕಿಯ ಪರದೆ ಅಲುಗಿತು. ಬಿಸಿಲು ಏರಿ ಹೆಲ್ಮೆಟ್ಟಿನೊಳಗೆ ತಲೆ ಬೇಯತೊಡಗಿತು. ಅವಳು ಇಳಿಯಲಿಲ್ಲ. ಹಟದಲ್ಲಿ ಅವಳನ್ನು ಗೆದ್ದವರು ಆ ಹಳ್ಳಿಯಲ್ಲಿ ಯಾರೂ ಇರಲಿಲ್ಲ. ಕೊನೆಗೆ ಒಬ್ರಾದ್ ಬೂಟು ಹಾಕಿಕೊಂಡೇ ಹೊರಬಂದ, ಮುಖ ಮಾತ್ರ ಊದಿತ್ತು. ಬೈಕು ಗೇಟು ದಾಟುವಾಗ, ಪ್ರಯಾಣ ನೀರಿನ ಹಾಗೆ ಸರಾಗವಾಗಲಿ ಎಂದು ಅಜ್ಜಿ ಹಿಂದಿನಿಂದ ಒಂದು ತಂಬಿಗೆ ನೀರು ಚೆಲ್ಲಿದಳು. ಅರ್ಧ ನೀರು ಸ್ಮಿಲ್ಯಾಳ ಬೆನ್ನಿಗೇ ಬಿತ್ತು.

ಹುಲ್ಲುಗಾವಲಿನಲ್ಲಿ ಆಗಲೇ ಹೊಗೆ ಎದ್ದಿತ್ತು. ದೊಡ್ಡ ಕಡಾಯಿಯಲ್ಲಿ ಬೀನ್ಸ್ ಕಾಳಿನ ಸಾರು, ಅದರಲ್ಲಿ ಹೊಗೆ ಹಾಕಿದ ಹಂದಿಯ ಪಕ್ಕೆಲುಬು. ಆಚೆ ಸಲಾಕೆಗೆ ಸಿಕ್ಕಿಸಿದ ಎಳೆಯ ಕುರಿ. ಕೂಟದ ಹಿರಿಯ ವಿತೊಮಿರ್ ಓಡಿ ಬಂದು ಒಬ್ರಾದನನ್ನು ತಬ್ಬಿ ಮೂರು ಮುತ್ತು ಕೊಟ್ಟ. ಒಬ್ರಾದ್ ಮತ್ತು ಸ್ಮಿಲ್ಯಾಳ ಮದುವೆಯಲ್ಲಿ ಸಾಕ್ಷಿಯಾಗಿ ವಧೂವರರ ತಲೆಯ ಮೇಲೆ ಕಿರೀಟ ಹಿಡಿದವನು ಅವನೇ. ನಮ್ಮಲ್ಲಿ ಅದು ಒಡಹುಟ್ಟಿದವರಿಗಿಂತ ಹತ್ತಿರದ ನಂಟು. ಆದರೆ ಅವನೂ ಉಳಿದವರೂ ಮಾಡಿದ ಕೆಲಸ ನೋಡಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ, ಗಂಟಲು ಹೋದವನ ಕಿವಿಗೆ ಎಲ್ಲರೂ ಬಾಯಿಟ್ಟರು.

"ಒಬ್ರಾದಣ್ಣಾ! ಹೇಗಿದ್ದೀಯಣ್ಣಾ!" ನೆಬೊಯ್ಶಾ ನದಿಯಾಚೆಗೆ ಕೇಳುವಂತೆ ಕಿರುಚಿದ. ಕೂಟದಲ್ಲಿ ಅವನೇ ಎಲ್ಲರಿಗಿಂತ ಚಿಕ್ಕವನು, ಅಂದರೆ ತಲೆ ಈಗಷ್ಟೇ ಬೋಳಾಗುತ್ತಿದೆ.

"ಕಿವಿಯಲ್ಲ ಕಣೋ ತೆಗೆದಿದ್ದು," ಎಂದಳು ಸ್ಮಿಲ್ಯಾ. "ಮೆಲ್ಲಗೆ ಮಾತಾಡು, ನದೀಲಿ ಮೀನು ಸಾಯ್ತವೆ."

"ತಪ್ಪಾಯ್ತು ಅತ್ತಿಗೆ!" ಎಂದು ಅವನು ಅಷ್ಟೇ ಜೋರಾಗಿ ಕಿರುಚಿದ.

ಕ್ರುನಾ ಕೀಲಿಗಳನ್ನು ಜೇಬಿಗೆ ಹಾಕಿಕೊಂಡಳು. ಚುತುರ ಹೊರಬಂತು. ಮೊದಲ ಹನಿ ಹುಲ್ಲಿಗೆ, ತೀರಿಕೊಂಡವರ ಹೆಸರಿನಲ್ಲಿ. ಆಮೇಲೆ ವಿತೊಮಿರ್ ಬೋಸ್ನಿಯಾದ ಕಥೆ ಹೇಳಿದ: ಹೊಳೆಯ ಸೇತುವೆಯ ಮೇಲೆ ಬೈಕು ಕೆಟ್ಟು ನಿಂತಿತು, ಊರಿಗೆ ಊರೇ ಬಂದು ತಳ್ಳಿತು, ತಳ್ಳಿದವರಿಗೆಲ್ಲ ಕಾಫಿ ಕುಡಿಸಬೇಕಾಯಿತು, ಕುಡಿದು ಮುಗಿಯುವ ಹೊತ್ತಿಗೆ ಎರಡು ಮದುವೆ ಮಾತುಕತೆ ಕುದುರಿದ್ದವು. ನೆಬೊಯ್ಶಾ ರುಮೇನಿಯಾದ ಬೆಟ್ಟದ ರಸ್ತೆಯಲ್ಲಿ ಕರಡಿಯೊಂದು ತನ್ನ ಚೀಲದಿಂದ ಗಿಣ್ಣು ತಿಂದು, ಜೊತೆಗಿದ್ದ ಹಸಿ ಈರುಳ್ಳಿಯನ್ನು ಮೂಸಿ ಪಕ್ಕಕ್ಕಿಟ್ಟ ಕಥೆ ಹೇಳಿದ.

"ಈರುಳ್ಳಿ ಯಾಕೆ ತಿನ್ನಲಿಲ್ವಂತೆ?" ಎಂದು ವಿತೊಮಿರ್ ತಡೆಯಲಾರದೆ ಕೇಳಿದ.

"ಹೆಂಡತಿ ಬೈತಾಳೆ ಅಂತ ಇರಬೇಕು."

ನಗೆಯ ನಡುವೆ ಚುತುರ ಮೇಜಿನ ಸುತ್ತ ಸರಿಯುತ್ತ ಒಬ್ರಾದನ ಕೈಗೆ ಬಂತು. ನಗೆ ಥಟ್ಟನೆ ನಿಂತಿತು. ಹೋದ ವರ್ಷದವರೆಗೂ ಇದೇ ಜಾಗದಲ್ಲಿ ಚುತುರ ಮುಟ್ಟುವ ಮೊದಲೇ ಅವನ ಕಥೆ ಶುರುವಾಗಿರುತ್ತಿತ್ತು. ಈಗ ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಒಂದು ಗುಟುಕು ಕುಡಿದ. ಕುಡಿಕೆಯ ಮರಕ್ಕೆ ತುಟಿ ಮುಟ್ಟಿಸಿ ಮುತ್ತಿಟ್ಟ. ನಂತರ ಅದನ್ನು ವಿತೊಮಿರನ ಕಡೆಗೆ ಚಾಚಿದ. ಕಥೆಯಿಲ್ಲದವನು ಮಾಡುವುದು ಹಾಗೆ.

ವಿತೊಮಿರ್ ಪ್ರಾಣಸ್ನೇಹಿತ. ಗೆಳೆಯನನ್ನು ಮುಜುಗರಕ್ಕೆ ಈಡುಮಾಡಬಾರದೆಂದು ಬೇಗ ಕೈಚಾಚಿದ. ಆ ಅವಸರವೇ ತಪ್ಪಾಯಿತು. ಒಂದು ಗಳಿಗೆಯಾದರೂ ಬೇಡ ಅನ್ನಬೇಕಿತ್ತು, ನೀನಿಲ್ಲದೆ ಏನು ಕಥೆ ಎಂದು ತಳ್ಳಬೇಕಿತ್ತು. ಮೇಜಿನ ಕೆಳಗೆ ಒಬ್ರಾದನ ಕೈ ಸ್ಮಿಲ್ಯಾಳ ಮೊಣಕಾಲನ್ನು ಎರಡು ಸಲ ತಟ್ಟಿತು. ನಿಲ್ಲಿಸು. ಸಾಕು, ಮನೆಗೆ ಹೋಗೋಣ. ಇವತ್ತು ಹೋದರೆ ಇವನು ಮತ್ತೆ ಯಾವ ಮೇಜಿಗೂ ಬಂದು ಕೂರುವುದಿಲ್ಲ ಎಂದು ಸ್ಮಿಲ್ಯಾಳಿಗೆ ಖಚಿತವಾಯಿತು. ಅವಳಿಗೆ ಭಯವಾಯಿತು. ಭಯವಾದರೆ ಅವಳಿಗೆ ಸಿಟ್ಟು ಬರುತ್ತದೆ, ಅದು ಅವಳ ಹುಟ್ಟುಗುಣ.

ಇಬ್ಬರ ಕೈ ನಡುವಿನಿಂದ ಅವಳು ಚುತುರವನ್ನು ಕಸಿದುಕೊಂಡಳು.

"ಅತ್ತಿಗೆ," ಎಂದ ನೆಬೊಯ್ಶಾ, "ಹಿಂದಿನ ಸೀಟಿಗೆ..."

"ಗೊತ್ತು. ಹಿಂದಿನ ಸೀಟಿಗೆ ಚುತುರ ಇಲ್ಲ. ಆ ಕಾನೂನು ಹೇಳಿದ ಬಾಯಿ ಇಲ್ಲೇ ಕೂತಿದೆ. ಅದು ಇನ್ನೊಂದು ಸಲ ಹೇಳಲಿ, ನಾನು ಸುಮ್ಮನಾಗ್ತೀನಿ."

ಕ್ರುನಾ ಕೈಯಲ್ಲಿದ್ದ ಸೌಟನ್ನು ಕಡಾಯಿಯೊಳಗೇ ಬಿಟ್ಟಳು. ಹೇಳಬಾರದ ಮಾತು. ಒಬ್ರಾದ್ ಅವಳನ್ನು ದಿಟ್ಟಿಸಿ ನೋಡಿದ. ಅವನ ಭುಜ ಅಲುಗಿತು, ಕೊರಳಿನ ಬಟ್ಟೆ ಉಬ್ಬಿ ತಗ್ಗಿತು, ತೂತಿನಿಂದ ಸುಯ್ ಎಂದು ಗಾಳಿ ಬಂತು. ನಗುತ್ತಿದ್ದ. ಆಪರೇಷನ್ ಆದ ಮೇಲೆ ಮೊದಲ ಸಲ.

"ಕಾನೂನು ಮಾಡಿದವನೇ ನಕ್ಕ ಮೇಲೆ ನಂದೇನಿದೆ," ಎಂದು ವಿತೊಮಿರ್ ಕೈ ಕೊಡವಿದ. "ಹೇಳು ಅತ್ತಿಗೆ."

ಅಂತೂ ಮೂವತ್ತು ವರ್ಷ ಕಾದ ಗಳಿಗೆ ಬಂತು. ಸ್ಮಿಲ್ಯಾ ರಾಕಿಯ ಗುಟುಕರಿಸಿ, ಬೆನ್ನು ನೆಟ್ಟಗೆ ಮಾಡಿ, ಆಪರೇಷನ್ನಿಗೆ ಮುಂಚೆ ತಾವಿಬ್ಬರೂ ಗ್ರೀಸಿನ ಕಡಲಿಗೆ ಹೋಗಿ ಬಂದ ಕಥೆ ಶುರು ಮಾಡಿದಳು. ಇದ್ದದ್ದನ್ನು ಇದ್ದ ಹಾಗೆ.

"ಬೆಳಿಗ್ಗೆ ಹೊರಟ್ವಿ. ರಸ್ತೆ ಚೆನ್ನಾಗಿತ್ತು. ಲೆಸ್ಕೊವಾಟ್ಸ್ ಹತ್ರ ಮನೆಮನೆಯಲ್ಲೂ ಕೆಂಪು ದೊಣ್ಣೆಮೆಣಸಿನಕಾಯಿ ಸುಡ್ತಿದ್ರು. ಒಳ್ಳೇ ಘಮ. ನಿಲ್ಲಿಸಿ ರೊಟ್ಟಿ ಜೊತೆ ತಿಂದ್ವಿ. ಆಮೇಲೆ ಗಡಿ. ಗಡೀಲಿ ಸಾಲು ಇತ್ತು, ಕಾದ್ವಿ. ಆಮೇಲೆ ಬಿಟ್ರು."

"ಏನಾದ್ರೂ ಕೇಳಿದ್ರಾ?" ಎಂದು ನೆಬೊಯ್ಶಾ ಕಾನೂನು ಮರೆತು ಆಸೆಯಿಂದ ಕೇಳಿದ.

"ಪಾಸ್‌ಪೋರ್ಟ್ ಕೇಳಿದ್ರು. ಕೊಟ್ವಿ."

ಮೇಜಿನವರು ಮರ್ಯಾದೆಯಿಂದ ತಲೆಯಾಡಿಸಿದರು. ಅವಳು ಮುಂದುವರಿಸಿದಳು. ಮ್ಯಾಸಿಡೋನಿಯಾದಲ್ಲಿ ರಸ್ತೆ ಪಕ್ಕ ಕಲ್ಲಂಗಡಿ ಇತ್ತು, ಒಂದು ಕೊಂಡರು, ಸಿಹಿಯಾಗಿತ್ತು. ಮಧ್ಯಾಹ್ನ ಸೆಖೆಯಾಯಿತು. ಸಂಜೆ ತಂಪಾಯಿತು. ವಿತೊಮಿರ್ ರೊಟ್ಟಿಯ ತುಣುಕುಗಳನ್ನು ಸಾಲಾಗಿ ಜೋಡಿಸತೊಡಗಿದ. ಯಾರೋ ಆಕಳಿಕೆಯನ್ನು ಕರವಸ್ತ್ರದಲ್ಲಿ ಮುಚ್ಚಿಕೊಂಡರು. ಸ್ಮಿಲ್ಯಾ ಮೂರ್ಖಳಲ್ಲ, ಅವಳಿಗೆ ಅರ್ಥವಾಯಿತು. ಒಂದೊಂದು ಮಾತೂ ನಿಜ, ಒಂದೊಂದು ಮಾತೂ ತಂಗಳು. ಅಲ್ಲಿನ ಸಂಜೆ ಎಂಥದಾಗಿತ್ತು! ನಾಳಿದ್ದು ಆಸ್ಪತ್ರೆಗೆ ಸೇರಬೇಕಾದ ಗಂಡಸು ಅವಳ ಮುಂದೆ ಕೂತು ಒಂದೊಂದು ತುತ್ತನ್ನೂ ನಿಧಾನವಾಗಿ ನುಂಗಿದ್ದ, ಕತ್ತಲಾಗುವವರೆಗೂ ಬಿಡದೆ ಮಾತಾಡಿದ್ದ, ಅವಳು ಅಳು ನುಂಗಿಕೊಂಡು ನಕ್ಕಿದ್ದಳು. ಅದನ್ನು ಹೇಳಲು ಹೋದರೆ ಬಾಯಿಗೆ ಬರುವುದು ಸೆಖೆ, ತಂಪು, ಕಲ್ಲಂಗಡಿ. ಎಲುಬಿಲ್ಲದ ನಾಲಿಗೆಯೆಂದು ಗಂಡನನ್ನು ಹಂಗಿಸಿದ್ದವಳಿಗೆ, ತನ್ನ ನಾಲಿಗೆಯಲ್ಲಿ ಬರೀ ಎಲುಬೇ ಇದೆ ಎಂದು ನಾಚಿಕೆಯಾಯಿತು. ಒಬ್ರಾದನ ಸರದಿಯನ್ನು ಉಳಿಸಲು ಹೋಗಿ ಕೆಡಿಸಿಬಿಟ್ಟೆನಲ್ಲ ಎಂದು ಸಂಕಟವಾಯಿತು. ಆದರೂ ಹಿಡಿದ ಕೆಲಸ ಬಿಡುವ ಹಾಗಿಲ್ಲ.

"ಕಡಲಿನ ದಂಡೇಲಿ ಒಂದು ಹೋಟ್ಲು," ಎಂದಳು ಸೋತ ದನಿಯಲ್ಲಿ. "ಊಜೊ ಕುಡಿದ್ವಿ, ನೀರು ಹಾಕಿದ್ರೆ ಹಾಲಿನ ಬಣ್ಣ ಬರುತ್ತೆ. ಮೀನು ತಂದುಕೊಟ್ರು. ಸಣ್ಣ ಮೀನು. ಇಷ್ಟುದ್ದ." ಅವಳು ಕಿರುಬೆರಳು ಎತ್ತಿ ತೋರಿಸಿದಳು.

ಮೇಜು ಧಡ್ ಎಂದಿತು. ಲೋಟಗಳು ಹಾರಿದವು. ಒಬ್ರಾದ್ ಅಂಗೈಯಿಂದ ಬಡಿದಿದ್ದ. ಮುಖ ಕೆಂಪಾಗಿತ್ತು. ಇಷ್ಟು ಹೊತ್ತು ಕಲ್ಲಂಗಡಿಯನ್ನು ಸಹಿಸಿದ್ದ, ಗಡಿಯ ಸಾಲನ್ನು ಸಹಿಸಿದ್ದ. ಕಿರುಬೆರಳಿನ ಮೀನನ್ನು ಮಾತ್ರ ಸಹಿಸಲು ಅವನಿಂದಾಗಲಿಲ್ಲ. ಹೆಂಡತಿಯ ಕೈಯಿಂದ ಚುತುರ ಕಿತ್ತುಕೊಂಡು ಸೊಂಟದ ಬೆಲ್ಟಿಗೆ ಸಿಕ್ಕಿಸಿ, ಎದ್ದು ನಿಂತು, ಎರಡೂ ಕೈ ಅಗಲಿಸಿದ. ಎಡಗೈ ವಿತೊಮಿರನ ಮೂಗಿನ ಹತ್ತಿರ, ಬಲಗೈ ಕ್ರುನಾಳ ಕಡಾಯಿಯ ಹತ್ತಿರ. ಮೀನು ಇಷ್ಟು.

ಚುತುರ ಅವನಲ್ಲಿದೆ, ಮಾತು ಅವನದು.

ಅವನು ಹೋಟೆಲಿನವನಾದ, ಮೀನನ್ನು ಹೆಗಲ ಮೇಲೆ ಹೊತ್ತು ಮೊಣಕಾಲು ಬಾಗಿಸುತ್ತ ಬಂದ. ಮೀನಾದ, ತಟ್ಟೆಯ ಮೇಲೆ ಮಲಗಿ ಒಂದು ಕಣ್ಣು ತೆರೆದು ಗಿರಾಕಿಯನ್ನು ನೋಡಿದ. ಬೆಕ್ಕಾದ. ಆ ದಂಡೆಯ ಬೆಕ್ಕುಗಳೆಲ್ಲ ಸಾಲಾಗಿ ಕೂತು ಮೀಸೆ ಒರೆಸಿಕೊಂಡವು. ಕೊನೆಗೆ ಹೆಲ್ಮೆಟ್ಟು ಹಾಕಿಕೊಂಡ ಹೆಂಗಸಾದ, ಫೋರ್ಕು ಹಿಡಿದು ಮೀನಿನ ಜೊತೆ ಕುಸ್ತಿಗಿಳಿದ ಹೆಂಗಸು. ಅದು ಯಾರೆಂದು ಯಾರೂ ಕೇಳಬೇಕಾಗಲಿಲ್ಲ. ಅವನ ತುಟಿ ಒಂದೇ ಸಮ ಓಡುತ್ತಿತ್ತು, ಸದ್ದಿಲ್ಲ. ಆದರೂ ಎಲ್ಲಿ ನಗಬೇಕು ಎಂದು ಎಲ್ಲರಿಗೂ ಗೊತ್ತಾಗುತ್ತಿತ್ತು. ನೆಬೊಯ್ಶಾ ಬೆಂಚಿನಿಂದ ಜಾರಿ ಹುಲ್ಲಿನ ಮೇಲೆ ಬಿದ್ದು ನಕ್ಕ. ಕ್ರುನಾ ಏಪ್ರನ್ನಿನಿಂದ ಕಣ್ಣೊರೆಸಿಕೊಂಡಾಗ ಜೇಬಿನ ಕೀಲಿಗಳೆಲ್ಲ ಗಲಗಲ ಅಂದವು.

ಸ್ಮಿಲ್ಯಾ ನಗಲಿಲ್ಲ. ಅವಳು ನೋಡುತ್ತಿದ್ದಳು. ಹಸಿಹಸಿ ಸುಳ್ಳು, ಕಣ್ಣಿಗೆ ರಾಚುವಂಥ ಸುಳ್ಳು, ಬಾಲದಿಂದ ತಲೆಯವರೆಗೆ ಒಂದು ಮುಳ್ಳೂ ನಿಜವಿಲ್ಲ. ಇವನು ಬದುಕುತ್ತಾನೆ ಎಂದುಕೊಂಡಳು.

ಒಬ್ರಾದ್ ಬೆವರೊರೆಸಿಕೊಂಡು ಕೂತ. ವಿತೊಮಿರ್ ನಗೆ ತಡೆದುಕೊಂಡು, ಹೊಟ್ಟೆ ಒತ್ತಿಕೊಂಡು, ಸ್ಮಿಲ್ಯಾಳ ಕಡೆ ತಿರುಗಿದ.

"ಅಲ್ಲ ಅತ್ತಿಗೆ, ನೀನು ಕಿರುಬೆರಳು ಅಂತೀಯ. ಇವನು ಹೀಗಂತಾನೆ. ಪಕ್ಕದಲ್ಲೇ ಇದ್ದವಳು ನೀನು. ನೀನೇ ಹೇಳು, ಇವನು ಹೇಳಿದ್ದು ನಿಜವಾ?"

ಇಷ್ಟು ವರ್ಷದಲ್ಲಿ ಆ ಮೇಜಿನಲ್ಲಿ ಯಾರೂ ಅವಳನ್ನು ಈ ಪ್ರಶ್ನೆ ಕೇಳಿರಲಿಲ್ಲ. ಎಲ್ಲರೂ ಅವಳನ್ನೇ ನೋಡಿದರು. ಒಬ್ರಾದನೂ ನೋಡಿದ, ಬಾಣಲೆಯ ಮೊಟ್ಟೆ ನೆನಪಾದವನ ಹಾಗೆ.

"ಸುಳ್ಳು," ಎಂದಳು ಸ್ಮಿಲ್ಯಾ.

ಒಬ್ರಾದನ ಕೈ ಮೇಜಿನ ಮೇಲೆ ಸಪ್ಪಗೆ ಬಿದ್ದುಕೊಂಡಿತು.

"ಅಪ್ಪಟ ಸುಳ್ಳು. ಆ ಮೀನು ಅಷ್ಟೇ ಇತ್ತಾ? ಅದರ ತಲೆ ನಮ್ಮ ತಟ್ಟೇಲಿ, ಬಾಲ ಪಕ್ಕದ ಮೇಜಿನ ಜರ್ಮನಿಯವರ ತಟ್ಟೇಲಿ. ಅವರು ಬಾಲ ನಮ್ದು ಅಂತ ಜಗಳಕ್ಕೆ ಬಂದ್ರು. ಇವನು ಕೊಡಲಿಲ್ಲ. ಪೊಲೀಸರು ಬರಬೇಕಾಯ್ತು. ಕಿರುಬೆರಳು ಅಂದಿದ್ದು, ನೀವು ನಂಬಲ್ಲ ಅಂತ."

ನೆಬೊಯ್ಶಾ ಹುಲ್ಲಿನ ಮೇಲಿಂದಲೇ ಕೂಗಿದ, "ಪೊಲೀಸರಾ! ಅವರೇನು ಮಾಡಿದ್ರು ಅತ್ತಿಗೆ?"

ಸ್ಮಿಲ್ಯಾಳಿಗೆ ಅದು ಗೊತ್ತಿರಲಿಲ್ಲ. ಪೊಲೀಸರು ಈಗ ತಾನೇ ಬಂದಿದ್ದರು. ಅವಳು ಗಂಡನ ಕಡೆ ತಿರುಗಿದಳು. ಒಬ್ರಾದ್ ಅವಳನ್ನು ನೋಡುತ್ತಿದ್ದ, ಇಷ್ಟು ವರ್ಷ ಬೆನ್ನ ಹಿಂದೆಯೇ ಕೂತಿದ್ದವಳ ಮುಖ ಈಗ ಮೊದಲ ಸಲ ಕಂಡವನ ಹಾಗೆ. ಅವನ ಕಣ್ಣು ತುಂಬಿತ್ತು. ಬೆಲ್ಟಿನಿಂದ ಚುತುರ ತೆಗೆದು, ಅದರ ಬಾಯಿಯನ್ನು ಅಂಗಿಯ ತೋಳಿನಿಂದ ಒರೆಸಿ, ಎರಡೂ ಕೈಯಲ್ಲಿ ಅವಳಿಗೆ ಕೊಟ್ಟ. ಹೇಳು ಎಂಬಂತೆ ಗದ್ದ ಎತ್ತಿದ.

ಅವಳು ಒಂದು ಗುಟುಕು ಕುಡಿದು, ಪೊಲೀಸರ ಮೀಸೆಯಿಂದ ಶುರು ಮಾಡಿದಳು.